ಮಲಗುವ ಕೋಣೆಗೆ ಚಂದದ ಅಲಾರಾಂ ಗಡಿಯಾರ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಗಡಿಯಾರಕ್ಕೆ ಎರಡು ಶತ್ರುಗಳು: ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಫೋಟೋದಲ್ಲಿ ಚಂದ ಕಂಡದ್ದೆಲ್ಲ ನಮ್ಮ ಮನೆಯಲ್ಲಿ ಚಂದವಾಗಿಯೇ ಉಳಿಯುವುದಿಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅಂದದ ಜೊತೆಗೆ ಬಾಳಿಕೆಯ ಮಾತು ಸ್ವಲ್ಪ ಜಾಸ್ತಿಯೇ ಬರುತ್ತದೆ.

ಫೋನಿನಲ್ಲೇ ಅಲಾರಾಂ ಇದೆಯಲ್ಲ, ಮತ್ತೆ ಗಡಿಯಾರ ಎಂತಕ್ಕೆ?

ಬೆಳಿಗ್ಗೆ ಏಳುವುದಕ್ಕೆ ಮಾತ್ರ ಆದರೆ ಫೋನ್ ಸಾಕು. ತೊಂದರೆ ಇರುವುದು ಮಧ್ಯರಾತ್ರಿ. ಎಚ್ಚರವಾಗಿ ಗಂಟೆ ಎಷ್ಟಾಯ್ತು ಅಂತ ನೋಡಲು ಫೋನ್ ಎತ್ತುತ್ತೀರಿ, ಅಲ್ಲಿ ನಾಲ್ಕು ಮೆಸೇಜ್ ಇರುತ್ತವೆ, ನಿದ್ದೆ ಅಲ್ಲಿಗೆ ಮುಗಿಯಿತು. ಗಡಿಯಾರ ಗಂಟೆ ಮಾತ್ರ ಹೇಳುತ್ತದೆ. ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗುವ ಮನಸ್ಸಿದ್ದರೆ ಗಡಿಯಾರ ಕೊಳ್ಳಿ. ಫೋನ್ ಹೇಗೂ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ ಅಂತಾದರೆ ಇದು ಬರೀ ಅಲಂಕಾರ. ಅಲಂಕಾರಕ್ಕೆ ಕೊಂಡರೂ ತಪ್ಪೇನಿಲ್ಲ.

ಮುಳ್ಳಿನದ್ದು ಒಳ್ಳೆಯದಾ, ಡಿಜಿಟಲ್ ಒಳ್ಳೆಯದಾ?

ಕೋಣೆಗೆ ಚಂದ ಕೊಡುವುದು ಮುಳ್ಳಿನ ಗಡಿಯಾರ. ನಿಮಿಷಕ್ಕೆ ಸರಿಯಾಗಿ ಎಬ್ಬಿಸುವುದು ಡಿಜಿಟಲ್.

ಮುಳ್ಳಿನದ್ದರಲ್ಲಿ ಅಲಾರಾಂ ಮುಳ್ಳು ಅಂತ ಸಣ್ಣದೊಂದು ಇರುತ್ತದಲ್ಲ, ಅದನ್ನು 5ಕ್ಕೂ 6ಕ್ಕೂ ನಡುವೆ ಅಂದಾಜಿನಲ್ಲಿ ನಿಲ್ಲಿಸಬೇಕು. ಐದೂವರೆಗೆ ಇಟ್ಟದ್ದು ಐದು ನಿಮಿಷ ಮೊದಲೋ ಆಮೇಲೋ ಹೊಡೆಯಬಹುದು. ಹಾಲು ತರಲು ಹೋಗುವವರಿಗೆ ಇದೇನೂ ದೊಡ್ಡದಲ್ಲ. ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ರೈಲು ಹಿಡಿಯುವವರಿಗೆ ದೊಡ್ಡದೇ.

ಇನ್ನೊಂದು ಸಂಗತಿ ತುಂಬ ಜನಕ್ಕೆ ಗಡಿಯಾರ ಮನೆಗೆ ತಂದ ಮೇಲೆ ಗೊತ್ತಾಗುವುದು. ಮುಳ್ಳಿನ ಗಡಿಯಾರಕ್ಕೆ ಬೆಳಿಗ್ಗೆ, ಸಂಜೆ ಎಂಬ ಭೇದ ಇಲ್ಲ. ಹನ್ನೆರಡು ಗಂಟೆಗೊಮ್ಮೆ ಹೊಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಇಟ್ಟು ಸ್ವಿಚ್ ಆಫ್ ಮಾಡದೆ ಹೋದರೆ ಸಂಜೆ ಏಳಕ್ಕೆ ಖಾಲಿ ಕೋಣೆಯಲ್ಲಿ ಅದರಷ್ಟಕ್ಕೆ ಕಿರುಚುತ್ತದೆ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಹತ್ತೂವರೆಗೆ ಏಳಬೇಕೆಂದರೆ ಇದರಿಂದ ಆಗುವುದಿಲ್ಲ, ರಾತ್ರಿ ಹತ್ತೂವರೆಗೇ ಎಬ್ಬಿಸುತ್ತದೆ. ಆಸ್ಪತ್ರೆಯ ನೈಟ್ ಡ್ಯೂಟಿ ನರ್ಸ್‌ಗಳು, ಇಡೀ ರಾತ್ರಿ ಯಕ್ಷಗಾನದ ಆಟ ಮುಗಿಸಿ ಹಗಲು ಮಲಗುವ ಮೇಳದ ಕಲಾವಿದರು, ಇಂಥವರಿಗೆ 24 ಗಂಟೆ ಲೆಕ್ಕದ ಡಿಜಿಟಲ್ ಗಡಿಯಾರವೇ ಸರಿ. ವಾರದ ದಿನಕ್ಕೊಂದು, ಭಾನುವಾರಕ್ಕೊಂದು ಬೇರೆ ಅಲಾರಾಂ ಇಡುವ ಸೌಕರ್ಯವೂ ಅದರಲ್ಲಿ ಮಾತ್ರ.

ಟಿಕ್ ಟಿಕ್ ಶಬ್ದಕ್ಕೆ ನನಗೆ ನಿದ್ದೆ ಬರುವುದಿಲ್ಲ. ಸದ್ದಿಲ್ಲದ್ದು ಸಿಗುತ್ತದಾ?

ಸಿಗುತ್ತದೆ. ಅಂಗಡಿಯಲ್ಲಿ 'ಸ್ವೀಪ್' ಅಥವಾ 'ಸೈಲೆಂಟ್' ಮಷಿನ್ ಅಂತ ಕೇಳಿ. ಕ್ವಾರ್ಟ್ಸ್ ಗಡಿಯಾರದ ಒಳಗೆ ಸಣ್ಣದೊಂದು ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಎಣಿಸಿ ಸಾಮಾನ್ಯ ಮಷಿನ್ ಸೆಕೆಂಡ್ ಮುಳ್ಳನ್ನು ಸೆಕೆಂಡಿಗೊಮ್ಮೆ ನೂಕುತ್ತದೆ. ಆ ನೂಕಿನ ಸದ್ದೇ ಟಿಕ್. ಸ್ವೀಪ್ ಮಷಿನ್‌ನಲ್ಲಿ ಮುಳ್ಳು ನಿಲ್ಲದೆ ಜಾರುತ್ತಾ ಹೋಗುತ್ತದೆ.

ಅಂಗಡಿಯ ಗದ್ದಲದಲ್ಲಿ ಎಲ್ಲ ಗಡಿಯಾರವೂ ಸೈಲೆಂಟೇ! ಸೆಲ್ ಹಾಕಿಸಿ, ಖಾಲಿ ಮರದ ಮೇಜಿನ ಮೇಲೆ ಇಟ್ಟು, ಮೇಜಿಗೆ ಕಿವಿ ಕೊಟ್ಟು ಕೇಳಿ. ಟೊಳ್ಳು ಮೇಜು, ಡ್ರಾಯರ್ ಇರುವ ಮೇಜು ಸದ್ದನ್ನು ದೊಡ್ಡದು ಮಾಡುತ್ತದೆ. ಮನೆಯಲ್ಲಿ ಈಗಾಗಲೇ ಟಿಕ್ ಟಿಕ್ ಅನ್ನುವ ಗಡಿಯಾರ ಇದ್ದರೆ ಅಡಿಗೆ ದಪ್ಪ ಬಟ್ಟೆ ಮಡಿಸಿ ಹಾಕಿ ನೋಡಿ. ಹೊಸದು ಕೊಳ್ಳುವ ಖರ್ಚೇ ಉಳಿಯಬಹುದು. ಸ್ವೀಪ್ ಮಷಿನ್ ಸೆಲ್ ಸ್ವಲ್ಪ ಬೇಗ ತಿನ್ನುತ್ತದೆ, ಅಷ್ಟೇ ಅದರ ದೋಷ.

ಯಾವ ವಸ್ತುವಿನದ್ದು ಮಳೆಗಾಲ ತಡೆಯುತ್ತದೆ?

ಈ ಪ್ರಶ್ನೆಯನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಇದನ್ನೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆಗೇ ಬೂಷ್ಟು ಬರುತ್ತದೆ. ಗಡಿಯಾರ ಬಿಟ್ಟೀತೇ?

ಈಗ ಜನ ಹೆಚ್ಚು ಕೇಳುವುದು ಮರದ ತುಂಡಿನ ಹಾಗಿರುವ ಎಲ್‌ಇಡಿ ಗಡಿಯಾರ. ಬಿಳಿ ಅಂಕಿ ಮರದೊಳಗಿನಿಂದಲೇ ಹೊಳೆಯುವಂತೆ ಕಾಣುತ್ತದೆ, ನಿಜಕ್ಕೂ ಚಂದ. ಆದರೆ ಕಡಿಮೆ ಬೆಲೆಯದ್ದು ಮರವೇ ಅಲ್ಲ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಎಂಡಿಎಫ್ ಹಲಗೆ, ಮೇಲೆ ಮರದ ಚಿತ್ರದ ತೆಳು ಹಾಳೆ. ಮೂಲೆಯನ್ನು ಬೆರಳಿನಿಂದ ಸವರಿ ನೋಡಿ. ಹಾಳೆಯ ಅಂಚು ಸ್ವಲ್ಪ ಎದ್ದಿದ್ದರೆ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಮೊದಲು ಅಡಿಭಾಗ ಉಬ್ಬುತ್ತದೆ, ಗಡಿಯಾರ ಮೇಜಿನ ಮೇಲೆ ಸಮ ಕೂರುವುದಿಲ್ಲ, ಆಮೇಲೆ ಮೂಲೆ ಬಾಯಿ ಬಿಡುತ್ತದೆ. ಮರವೇ ಬೇಕೆಂದರೆ ಪಾಲಿಶ್ ಹೊಡೆದ ಗಟ್ಟಿ ಮರದ್ದನ್ನು ಹುಡುಕಿ, ಬೆಲೆ ಜಾಸ್ತಿಯಾದರೂ ಸರಿ.

ಬಂಗಾರದ ಬಣ್ಣದ ಲೋಹದ ಗಡಿಯಾರಗಳಲ್ಲಿ ಹೆಚ್ಚಿನವು ಹಿತ್ತಾಳೆ ಅಲ್ಲ, ಕಬ್ಬಿಣದ ತಗಡಿಗೆ ಬಣ್ಣದ ಲೇಪ. ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಬ್ಬಿಣ. ಮಲ್ಪೆ, ಪಣಂಬೂರು, ಉಳ್ಳಾಲದಂತೆ ಕಡಲಿಗೆ ಹತ್ತಿರದ ಮನೆಯಲ್ಲಿ ಇಂಥದ್ದಕ್ಕೆ ಕಾಲಿನ ಸ್ಕ್ರೂ ಹತ್ತಿರ, ಗಂಟೆಯ ಅಂಚಿನಲ್ಲಿ ಮೊದಲು ಕಂದು ಚುಕ್ಕೆ ಏಳುತ್ತದೆ. ನಿಜವಾದ ಹಿತ್ತಾಳೆ ಕಪ್ಪಾಗುತ್ತದೆ, ಹಸಿರು ಕಟ್ಟುತ್ತದೆ, ಆದರೆ ಹಾಳಾಗುವುದಿಲ್ಲ. ದೇವರ ದೀಪ ತೊಳೆಯುವ ಹುಣಸೆಹುಳಿಯಿಂದ ಇದನ್ನು ಉಜ್ಜಲು ಹೋಗಬೇಡಿ ಮಾತ್ರ. ಹುಳಿನೀರು ಒಳಗೆ ಇಳಿದರೆ ಮಷಿನ್ ಹೋಯಿತು. ಮೇಲೆ ಲ್ಯಾಕರ್, ಅಂದರೆ ಹೊಳಪಿನ ಲೇಪ ಹೊಡೆದಿದ್ದರೆ ಅದೂ ಏಳುತ್ತದೆ. ಒಣ ಬಟ್ಟೆ ಸಾಕು.

ಯಾರೂ ಇಷ್ಟಪಡದ ಉತ್ತರ ಅಂದರೆ ಒಳ್ಳೆಯ ಎಬಿಎಸ್ ಪ್ಲಾಸ್ಟಿಕ್. ತುಕ್ಕಿಲ್ಲ, ಉಬ್ಬುವುದಿಲ್ಲ. ಹೊಳಪಿನದ್ದು ಬಿಟ್ಟು ಮ್ಯಾಟ್ ಮೈಯದ್ದು ತೆಗೆದುಕೊಂಡರೆ ಅಗ್ಗವಾಗಿಯೂ ಕಾಣುವುದಿಲ್ಲ. ಪಿಂಗಾಣಿ, ಗಾಜು, ಅಕ್ರಿಲಿಕ್ ಕೂಡ ನಮ್ಮ ಹವೆಗೆ ಒಗ್ಗುತ್ತವೆ. ಮುಟ್ಟಿದರೆ ರಬ್ಬರಿನಂತೆ ಮೆತ್ತಗಿರುವ ಲೇಪದ್ದು ಬೇಡವೇ ಬೇಡ. ಬೆಚ್ಚಗಿನ ತೇವದ ಹವೆಯಲ್ಲಿ ಕೆಲವು ವರ್ಷಕ್ಕೆ ಆ ಲೇಪ ಅಂಟಂಟಾಗಿ ಬೆರಳಿಗೆ ಹತ್ತುತ್ತದೆ.

ಹಾಗಾದರೆ ನಮ್ಮ ಕೋಣೆಗೆ ಒಪ್ಪುವ ವಿನ್ಯಾಸ ಯಾವುದು?

ಕೋಣೆಯಲ್ಲಿ ಏನಿದೆ ಅಂತ ಮೊದಲು ನೋಡಿ. ಹಂಚಿನ ಮನೆ, ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ಕಪ್ಪು ಮಂಚ ಇದ್ದರೆ ಎರಡು ಗಂಟೆ ತಲೆಯ ಮೇಲಿರುವ ಹಳೆ ಮಾದರಿಯ ಟೈಮ್‌ಪೀಸ್ ಚಂದ ಕೂರುತ್ತದೆ. ದಂತದ ಬಿಳಿ, ಎಲೆ ಹಸಿರು, ಕಡು ನೀಲಿ ಬಣ್ಣದವು ಕೆಂಪು ನೆಲಕ್ಕೆ ಒಪ್ಪುತ್ತವೆ. ಕದ್ರಿ, ಬಿಜೈ ಕಡೆಯ ಹೊಸ ಫ್ಲಾಟಿನಲ್ಲಿ ಬೂದು ಲ್ಯಾಮಿನೇಟ್ ಕಪಾಟು, ಬಿಳಿ ಗೋಡೆ ಇದ್ದರೆ ಅದೇ ಟೈಮ್‌ಪೀಸ್ ಆಟದ ಸಾಮಾನಿನಂತೆ ಕಾಣುತ್ತದೆ. ಅಲ್ಲಿಗೆ ಸರಳವಾದದ್ದು ಬೇಕು.

ಸರಳ ಅಂದರೆ ಹೇಗಿರಬೇಕು ಅಂತ ನೋಡಲು ಜರ್ಮನಿಯ ಬ್ರೌನ್ ಕಂಪನಿಗೆ ಡೀಟರ್ ರಾಮ್ಸ್, ಡೀಟ್ರಿಚ್ ಲೂಬ್ಸ್ ಎಂಬ ವಿನ್ಯಾಸಕಾರರು ಸೇರಿ ಮಾಡಿದ ಗಡಿಯಾರಗಳ ಚಿತ್ರ ನೋಡಿ. ಕಪ್ಪು ಮುಖ, ಬಿಳಿ ಅಂಕಿ, ಹಳದಿ ಸೆಕೆಂಡ್ ಮುಳ್ಳು. ಬೇರೇನೂ ಇಲ್ಲ. ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಗಡಿಯಾರಗಳು ಇದನ್ನೇ ನೋಡಿ ಮಾಡಿದವು. ಅಂಕಿಯ ಎಲೆಗಳು ಟಪ್ ಅಂತ ಮಗುಚಿ ಬೀಳುವ ಫ್ಲಿಪ್ ಗಡಿಯಾರಕ್ಕೂ ಈಗ ಬೇಡಿಕೆ ಇದೆ. ಇಟಲಿಯ ಸೊಲಾರಿ ಕಂಪನಿಗೆ ಜೀನೊ ವಾಲೆ 1960ರ ದಶಕದಲ್ಲಿ ರೂಪಿಸಿದ ಸಿಫ್ರಾ 3 ಈ ಬಗೆಯಲ್ಲಿ ಹೆಸರುವಾಸಿ. ನನಗೆ ಕೇಳಿದರೆ ಫ್ಲಿಪ್ ಹಾಲ್‌ಗೆ ಸರಿ, ಮಲಗುವ ಕೋಣೆಗಲ್ಲ. ನಿಮಿಷಕ್ಕೊಮ್ಮೆ ಟಪ್ ಅನ್ನುವುದನ್ನು ಕಾಯುತ್ತಾ ಮಲಗುವ ಕರ್ಮ ಯಾರಿಗೆ ಬೇಕು?

ಸೆಲ್ ಹಾಕುವ ಜಾಗದಲ್ಲಿ ಬಿಳಿ ಪುಡಿ ಬಂದಿದೆ. ಗಡಿಯಾರ ಹೋಯ್ತಾ?

ಹೋಗಿರಬೇಕಂತಿಲ್ಲ. ಆಲ್ಕಲೈನ್ ಸೆಲ್ ಸೋರಿದರೆ ಬರುವ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಸೆಲ್ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಒಂದಿಷ್ಟೇ ಅದ್ದಿ ಸೆಲ್ ತಾಗುವ ತಗಡನ್ನು ಒರೆಸಿ. ಬುರುಗು ಬಂದರೆ ಕೆಲಸ ಆಗುತ್ತಿದೆ ಅಂತ. ಆಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಸ್ಪ್ರಿಂಗ್ ಕಪ್ಪಾಗಿದ್ದರೆ ಉಪ್ಪುಕಾಗದದಿಂದ ಮೆಲ್ಲ ಉಜ್ಜಿ. ಸೆಲ್ ಮುಗಿದ ಮೇಲೂ ಒಳಗೇ ಬಿಡುವುದರಿಂದ ಈ ಗತಿ ಬರುವುದು ಹೆಚ್ಚು. ಮಳೆಗಾಲ ಶುರುವಾಗುವ ಮೊದಲು ಹೊಸ ಸೆಲ್ ಹಾಕುವ ಅಭ್ಯಾಸ ಒಳ್ಳೆಯದು. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಸೆಲ್ ತೆಗೆದಿಡಿ.

ಕರೆಂಟ್ ಹೋದರೆ ಅಲಾರಾಂ ಹೊಡೆಯುತ್ತದಾ?

ಸೆಲ್‌ನಲ್ಲೇ ನಡೆಯುವುದಾದರೆ ಚಿಂತೆ ಇಲ್ಲ. ಪ್ಲಗ್‌ಗೆ ಹಾಕುವ ಎಲ್‌ಇಡಿ ಗಡಿಯಾರದ ಡಬ್ಬಿಯ ಮೇಲೆ 'ಬ್ಯಾಟರಿ ಬ್ಯಾಕಪ್' ಅಂತ ಬರೆದಿರುತ್ತದೆ. ಅದನ್ನು ನಂಬಿ ಮಲಗಬೇಡಿ. ತುಂಬ ಗಡಿಯಾರಗಳಲ್ಲಿ ಒಳಗಿನ ಗುಂಡಿ ಸೆಲ್ ಗಂಟೆಯನ್ನು ನೆನಪಿಟ್ಟುಕೊಳ್ಳುತ್ತದೆ ಅಷ್ಟೆ, ಅಂಕಿ ತೋರಿಸುವುದಿಲ್ಲ, ಅಲಾರಾಂ ಹೊಡೆಯುವುದೂ ಇಲ್ಲ. ಪರೀಕ್ಷೆ ಸುಲಭ. ಎರಡು ನಿಮಿಷ ಮುಂದಕ್ಕೆ ಅಲಾರಾಂ ಇಟ್ಟು ಪ್ಲಗ್ ಕಿತ್ತು ಕಾಯಿರಿ. ಗುಡುಗು ಮಳೆಯ ರಾತ್ರಿ ಲೈನ್ ಹೋಗುವುದು ನಮ್ಮಲ್ಲಿ ಹೊಸದೇ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಗಡಿಯಾರ ಹಾಕಿದ ಪಾಯಿಂಟ್ ಅದರ ಲೈನಿನಲ್ಲಿ ಇದೆಯಾ ಅಂತ ನೋಡಿ. ಎಷ್ಟೋ ಮನೆಯಲ್ಲಿ ಫ್ಯಾನು, ಲೈಟು ಮಾತ್ರ ಇರುತ್ತದೆ.

ರಾತ್ರಿ ಅಂಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಯಾವ ಬಣ್ಣ ತೆಗೆದುಕೊಳ್ಳಲಿ?

ಕೆಂಪು ಅಥವಾ ಕಿತ್ತಳೆ. ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ಹಾರ್ಮೋನನ್ನು ನೀಲಿ ಬೆಳಕು ಹೆಚ್ಚು ತಗ್ಗಿಸುತ್ತದೆ, ಕೆಂಪು ತೀರಾ ಕಡಿಮೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೀಲಿ ಅಂಕಿ ಸ್ಟೈಲಾಗಿ ಕಾಣುತ್ತದೆ, ಕತ್ತಲೆ ಕೋಣೆಯಲ್ಲಿ ಅದೇ ಗೋಡೆಯನ್ನೆಲ್ಲ ನೀಲಿ ಮಾಡುತ್ತದೆ. ಬೆಳಕು ತಗ್ಗಿಸುವ ಬಟನ್ ಇರಲೇಬೇಕು, ಪೂರ್ತಿ ಆರಿಸಲು ಬಂದರೆ ಇನ್ನೂ ಒಳ್ಳೆಯದು. ಒತ್ತಿದಾಗ ಮಾತ್ರ ಬೆಳಗುವ ಮುಳ್ಳಿನ ಗಡಿಯಾರ ನನ್ನ ಆಯ್ಕೆ.

ಬೆಳಗಾದಂತೆ ನಿಧಾನಕ್ಕೆ ಬೆಳಕು ಕೊಡುವ ಲ್ಯಾಂಪ್ ಅಲಾರಾಂ ನಮಗೆ ಬೇಕಾ?

ಆರೂವರೆ ಆದ ಮೇಲೆ ಏಳುವವರಿಗೆ, ಪೂರ್ವಕ್ಕೆ ಕಿಟಕಿ ಇದ್ದರೆ, ಬೇಡ. ಕಿಟಕಿಯ ಪರದೆ ಸ್ವಲ್ಪ ಸರಿಸಿಟ್ಟರೆ ಆಯಿತು.

ಆದರೆ ಐದಕ್ಕೆ ಏಳುವವರಿಗೆ ಉಪಯೋಗ ಇದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಮಂಗಳೂರು ಇರುವುದು 75 ಡಿಗ್ರಿಯ ಹತ್ತಿರ. ಹಾಗಾಗಿ ಗಡಿಯಾರಕ್ಕಿಂತ ನಮ್ಮ ಸೂರ್ಯ ಸುಮಾರು ಅರ್ಧ ಗಂಟೆ ತಡ. ಜೂನ್ ಮೊದಲಿಗೆ ಆರು ದಾಟುವಾಗ ಹುಟ್ಟುವ ಸೂರ್ಯ ಜನವರಿ ಕೊನೆಗೆ ಏಳಕ್ಕೆ ಮೂರು ನಾಲ್ಕು ನಿಮಿಷ ಇರುವಾಗ ಹುಟ್ಟುತ್ತಾನೆ. ಜೂನ್, ಜುಲೈಯಲ್ಲಿ ಬೇಗ ಹುಟ್ಟಿದರೂ ಮೋಡದಿಂದಾಗಿ ಕೋಣೆ ಕತ್ತಲೆಯೇ. ಇಂಥ ಬೆಳಿಗ್ಗೆಗಳಿಗೆ ಲ್ಯಾಂಪ್ ಹಿತ. ಬೆಳಕಿನ ಜೊತೆ ಶಬ್ದವೂ ಇರುವುದನ್ನೇ ತೆಗೆದುಕೊಳ್ಳಿ. ಮುಸುಕು ಹೊದ್ದು ಮಲಗುವವರನ್ನು ಬರೀ ಬೆಳಕು ಎಬ್ಬಿಸದು.

ಬ್ರಾಹ್ಮೀ ಮುಹೂರ್ತಕ್ಕೆ ಏಳಲು ಎಷ್ಟಕ್ಕೆ ಇಡಬೇಕು?

ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರು, 48 ನಿಮಿಷದ ಅವಧಿ. ಮೇಲಿನ ಲೆಕ್ಕ ಹಿಡಿದರೆ ಮಂಗಳೂರಿನಲ್ಲಿ ಜೂನ್‌ನಲ್ಲಿ ನಾಲ್ಕೂವರೆಯ ಹತ್ತಿರ, ಜನವರಿ ಕೊನೆಗೆ ಐದೂ ಇಪ್ಪತ್ತರ ಹತ್ತಿರ. ವರ್ಷಪೂರ್ತಿ ಒಂದೇ ಗಂಟೆಗೆ ಇಟ್ಟರೆ ತಪ್ಪುತ್ತದೆ. ರಂಜಾನ್ ಸಹರಿಗೂ ಹಾಗೆಯೇ, ದಿನ ಹೋದಂತೆ ಸಮಯ ಸರಿಯುತ್ತದೆ. ಪದೇ ಪದೇ ಬದಲಿಸಬೇಕಾದವರು ಬಟನ್ ದೊಡ್ಡದಿರುವ, ಮೆನು ಒಳಗೆ ಮೆನು ಇಲ್ಲದ ಗಡಿಯಾರ ನೋಡಿ.

ಗಲ್ಫ್‌ನಿಂದ, ಅಮೆರಿಕದಿಂದ ತಂದ ಗಡಿಯಾರ ಇಲ್ಲಿ ನಡೆಯುತ್ತದಾ?

ನಮ್ಮಲ್ಲಿ ಮನೆಗೊಬ್ಬರು ಹೊರದೇಶದಲ್ಲಿ ಇರುವುದರಿಂದ ಈ ಪ್ರಶ್ನೆ ಸಹಜ. ಸೆಲ್‌ನದ್ದು, ಯುಎಸ್‌ಬಿಯದ್ದು ಯಾವ ದೇಶದ್ದಾದರೂ ನಡೆಯುತ್ತದೆ. ದುಬೈ, ಮಸ್ಕತ್, ಕುವೈತ್‌ನ ಪ್ಲಗ್ಗಿನದ್ದೂ ಸರಿ, ಅಲ್ಲೂ ಇಲ್ಲಿಯಂತೆ 50 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಪಿನ್ ಬೇರೆ, ಕನ್ವರ್ಟರ್ ಹಾಕಿದರಾಯಿತು.

ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ಬದಲಾಗುವುದಿಲ್ಲ. ಕರೆಂಟಿನ ಹರ್ಟ್ಸ್ ಎಣಿಸಿಯೇ ಗಂಟೆ ತೋರಿಸುವ ಹಳೆಯ ಡಿಜಿಟಲ್ ಗಡಿಯಾರ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಗಡಿಯಾರ ಕೆಟ್ಟಿಲ್ಲ, ರಿಪೇರಿಗೆ ದುಡ್ಡು ಹಾಕಬೇಡಿ. ಸೌದಿಯಲ್ಲಿಯೂ 60 ಹರ್ಟ್ಸ್ ಅಂತ ನೆನಪಿರಲಿ.

'ಅಟಾಮಿಕ್' ಅಥವಾ 'ರೇಡಿಯೋ ಕಂಟ್ರೋಲ್ಡ್' ಅಂತ ಬರೆದದ್ದು ಜರ್ಮನಿ, ಜಪಾನ್, ಅಮೆರಿಕದ ರೇಡಿಯೋ ಕೇಂದ್ರಗಳ ಸಂಕೇತ ಹಿಡಿದು ತಾನೇ ಸಮಯ ಸರಿಮಾಡಿಕೊಳ್ಳುವಂಥದ್ದು. ಆ ಸಂಕೇತ ಇಲ್ಲಿಗೆ ತಲುಪುವುದಿಲ್ಲ. ಕೈಯಲ್ಲಿ ತಿರುಗಿಸಿ ಇಡಲು ಬಂದರೆ ಸಾಮಾನ್ಯ ಗಡಿಯಾರವಾಗಿ ಬಳಸಬಹುದು.

ವಯಸ್ಸಾದ ಅಪ್ಪ ಅಮ್ಮನಿಗೆ ಅಲಾರಾಂ ಕೇಳಿಸುವುದಿಲ್ಲ. ಇನ್ನೂ ಜೋರಿನದ್ದು ಬೇಕಾ?

ಜೋರಿಗಿಂತ ತಗ್ಗು ಸ್ವರ ಬೇಕು. ಸಣ್ಣ ಗಡಿಯಾರಗಳ ಪೀ ಪೀ ಸದ್ದು ತೀರಾ ಕೀಚು ಸ್ವರ, ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದೇ ಅದನ್ನು. ಮಲಗಿದವರನ್ನು ಎಬ್ಬಿಸುವ ಬೆಂಕಿ ಅಲಾರಾಂಗೆ ಅಮೆರಿಕದ ನಿಯಮದಲ್ಲಿ 520 ಹರ್ಟ್ಸಿನ ತಗ್ಗು ಸ್ವರವನ್ನು ಹೇಳಿರುವುದೂ ಇದಕ್ಕೇ. ನಿಜವಾದ ಗಂಟೆ ಬಡಿಯುವ ಟೈಮ್‌ಪೀಸ್, ಅಥವಾ ಸ್ವರ ಆರಿಸಲು ಬರುವ ಡಿಜಿಟಲ್ ನೋಡಿ. ಕಿವಿ ಪೂರ್ತಿ ಮಂದವಾದವರಿಗೆ ದಿಂಬಿನ ಅಡಿ ಇಟ್ಟರೆ ಅದುರುವ ಗಡಿಯಾರಗಳೂ ಇವೆ. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಕಿವಿ ಚುರುಕಿದ್ದವರಿಗೂ ಸಣ್ಣ ಪೀ ಪೀ ಕೇಳಿಸುವುದಿಲ್ಲ ಬಿಡಿ.

ಅಜ್ಜನ ಕಾಲದ ಕೀ ಕೊಡುವ ಟೈಮ್‌ಪೀಸ್ ಇದೆ. ಮಂಚದ ಪಕ್ಕ ಇಡಬಹುದಾ?

ದಿನಾ ಒಂದೇ ಹೊತ್ತಿಗೆ ಕೀ ಕೊಡುವ ತಾಳ್ಮೆ ಇದ್ದರೆ ಇಡಿ. ಮುಳ್ಳನ್ನು ಬಾಣದ ಗುರುತಿನ ದಿಕ್ಕಿಗೆ ಮಾತ್ರ ತಿರುಗಿಸಿ, ಹಿಂದಕ್ಕೆ ಬಲವಂತ ಬೇಡ. ಅಂಕಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದಿದ್ದರೆ ಜಾಗ್ರತೆ. ಹಳೆಯವುಗಳಲ್ಲಿ ಕೆಲವಕ್ಕೆ ವಿಕಿರಣ ಸೂಸುವ ನಿಜವಾದ ರೇಡಿಯಂ ಹಾಕುತ್ತಿದ್ದರು. ಹೊಳಪು ಹೋಗಿ ಬಣ್ಣ ಕಂದಾಗಿದ್ದರೂ ರೇಡಿಯಂ ಹಾಗೇ ಇರುತ್ತದೆ, ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ಬಿಚ್ಚಿ ಆ ಬಣ್ಣ ಕೆರೆಯಬೇಡಿ, ಮಂಚದ ಪಕ್ಕ ಬಿಟ್ಟು ಶೋಕೇಸಿನಲ್ಲಿಡಿ. ಈಗಿನ ಗಡಿಯಾರಗಳ ಹೊಳೆಯುವ ಬಣ್ಣಕ್ಕೆ ಈ ಭಯ ಇಲ್ಲ.

ಮಕ್ಕಳ ಕೋಣೆಗೆ ಯಾವುದು?

ಬಿದ್ದರೆ ಒಡೆಯದ್ದು, ಮತ್ತು ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವುದು. ಎರಡನೆಯದರಲ್ಲಿ ರಾಜಿ ಬೇಡ. ಸಿಆರ್2032 ನಂಥ ಗುಂಡಿ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿರಬಹುದು ಎಂಬ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಏಳದ ಹೈಸ್ಕೂಲ್ ಮಕ್ಕಳಿಗೆ ಚಕ್ರ ಇರುವ ಗಡಿಯಾರ ಇದೆ, ಮೇಜಿನಿಂದ ಹಾರಿ ಕೋಣೆಯೆಲ್ಲ ಓಡುತ್ತದೆ. ಗೌರಿ ನಂದಾ ಎಂಬವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಮಾಡಿದ 'ಕ್ಲಾಕಿ' ಅದು. ಮಂಚದ ಅಡಿಗೆ ಹೋಗಿ ಸಿಕ್ಕಿಕೊಂಡರೆ ತೆಗೆಯುವವರು ಅಮ್ಮನೇ ಅಲ್ವಾ!

ಅಂಗಡಿಯಲ್ಲಿ ಕೊಳ್ಳುವುದಾ, ಆನ್‌ಲೈನಾ?

ಹಂಪನಕಟ್ಟೆಯಲ್ಲಿಯೋ ಉಡುಪಿ ಪೇಟೆಯಲ್ಲಿಯೋ ಅಂಗಡಿಗೆ ಹೋದರೆ ಸದ್ದು ಕೇಳಬಹುದು, ಬಟನ್ ಒತ್ತಬಹುದು, ಆಯಸ್ಕಾಂತ ಹಿಡಿಯಬಹುದು. ವಿನ್ಯಾಸದ ಆಯ್ಕೆ ಮಾತ್ರ ಆನ್‌ಲೈನಿನಲ್ಲಿ ಜಾಸ್ತಿ. ಅಲ್ಲಿ ಕೊಳ್ಳುವಾಗ ಅಳತೆಯನ್ನು ಸೆಂಟಿಮೀಟರಿನಲ್ಲಿ ಓದಿ, ಸ್ಕೇಲ್ ಇಟ್ಟು ನೋಡಿ. ಫೋಟೋದಲ್ಲಿ ತೆಂಗಿನಕಾಯಿಯಷ್ಟು ಕಂಡದ್ದು ಕೈಗೆ ಬರುವಾಗ ಲಿಂಬೆಹಣ್ಣಿನಷ್ಟು ಇರುತ್ತದೆ. ನೇರ ಕರೆಂಟಿಗೆ ಹಾಕುವ ಎಲೆಕ್ಟ್ರಾನಿಕ್ ಗಡಿಯಾರಕ್ಕೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ, ಮೈಮೇಲೆ ಅದರ ಗುರುತು, ನಂಬರ್ ಇರಬೇಕು. ಸಾದಾ ಮುಳ್ಳಿನದ್ದು ಸಾಕೆಂದರೆ ಗುಜರಾತಿನ ಮೋರ್ಬಿಯ ಅಜಂತಾ, ಓರ್ಪ್ಯಾಟ್ ಗಡಿಯಾರಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅವುಗಳ ಸರಳ ಮಾದರಿಗಳು ನೋಡಲೂ ಅಚ್ಚುಕಟ್ಟು.

ಎಲ್ಲಿ ಇಡಬೇಕು?

ಕಿಟಕಿಯ ದಂಡೆಯಲ್ಲಿ ಬೇಡ, ಮಳೆಯ ಎರಚಲು ಬೀಳುತ್ತದೆ. ಎಸಿಯ ನೇರ ಕೆಳಗೂ ಬೇಡ. ಕೈ ಚಾಚಿದರೆ ಸಿಗುವ ಜಾಗಕ್ಕಿಂತ ಎರಡು ಹೆಜ್ಜೆ ಆಚೆ ಇಟ್ಟರೆ ಸ್ನೂಜ್ ಒತ್ತಿ ಮತ್ತೆ ಮಲಗುವ ಚಾಳಿ ಕಡಿಮೆಯಾಗುತ್ತದೆ. ಆಗ ಅಂಕಿ ದೊಡ್ಡದಿರಬೇಕು.

ಮೂರು ವರ್ಷಕ್ಕೆ ನಿಂತುಹೋದರೆ ಬಿಸಾಡುವುದೇನಾ?

ಮೈ ಚೆನ್ನಾಗಿದ್ದರೆ ಬೇಡ. ಕ್ವಾರ್ಟ್ಸ್ ಗಡಿಯಾರದ ಮಷಿನ್ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಗಡಿಯಾರ ರಿಪೇರಿಯವರು ಅದನ್ನು ಇಡಿಯಾಗಿ ಬದಲಿಸಿ ಕೊಡುತ್ತಾರೆ. ಅಲಾರಾಂ ಇರುವ ಮಷಿನ್ ಬೇಕು ಅಂತ ಮೊದಲೇ ಹೇಳಿ, ಮುಳ್ಳಿನ ತೂತು ಹೊಂದುತ್ತದಾ ಅಂತ ಅಲ್ಲೇ ಹಾಕಿಸಿ ನೋಡಿ. ಎಲ್‌ಇಡಿಯದ್ದು ಹಾಳಾದರೆ ಮೊದಲು ಅಡಾಪ್ಟರ್, ಕೇಬಲ್ ಬದಲಿಸಿ ನೋಡಿ. ಒಳಗಿನ ಬೋರ್ಡ್ ಹೋಗಿದ್ದರೆ ರಿಪೇರಿಗೆ ಕೊಡುವುದಕ್ಕಿಂತ ಹೊಸದು ಅಗ್ಗ. ಹಳೆಯದನ್ನು ಸೆಲ್ ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಹಸಿ ಕಸದ ಜೊತೆ ಹಾಕಬೇಡಿ.